ಗೋಡೆಯ ಬೂಷ್ಟು, ಮಕ್ಕಳ ಉಸಿರು

ಬೂಷ್ಟು ಎಂಬುದು ತೇವವಿರುವಲ್ಲಿ ಬೆಳೆಯುವ ಶಿಲೀಂಧ್ರ. ಸುಮಾರು 2,240 ಮೀಟರ್ ಎತ್ತರದ ಊಟಿಗೆ ಮುಂಗಾರು, ಹಿಂಗಾರು ಎರಡೂ ಮಳೆ ಬರುವುದರಿಂದ ಜೂನ್‌ನಿಂದ ಡಿಸೆಂಬರ್‌ವರೆಗೆ ಗೋಡೆಗಳು ಒಣಗುವುದು ಕಡಿಮೆ. ಚಳಿಗೆ ಕಿಟಕಿ ಮುಚ್ಚಿ, ಒಳಗೇ ಸಮವಸ್ತ್ರ ಒಣಹಾಕಿದಾಗ ಆವಿಯು ತಣ್ಣನೆಯ ಗೋಡೆಯ ಮೇಲೆ ನೀರಾಗಿ ಕೂರುತ್ತದೆ. ಬೀರುವಿನ ಹಿಂದೆ, ಹಾಸಿಗೆ ತಗಲುವ ಮೂಲೆಯಲ್ಲಿ ಮೊದಲ ಕಪ್ಪು ಚುಕ್ಕೆಗಳು ಕಾಣುತ್ತವೆ.

ಇಂತಹ ಮನೆಗಳಲ್ಲಿ ಕೆಮ್ಮು, ಉಬ್ಬಸ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಹೇಳುತ್ತದೆ. ತರಗತಿಯಲ್ಲಿ ನಾವು ಕಾಣುವುದು ಗೈರುಹಾಜರಿಯನ್ನು ಮಾತ್ರ. ರಜಾ ಅರ್ಜಿಯಲ್ಲಿ ‘ಶೀತ’ ಎಂದಷ್ಟೇ ಇರುತ್ತದೆ. ರಾತ್ರಿ ಕೆಮ್ಮು ಮರುಕಳಿಸಿದರೆ, ಉಸಿರಿನಲ್ಲಿ ಸಿಳ್ಳೆಯ ಸದ್ದಿದ್ದರೆ ವೈದ್ಯರಿಗೆ ತೋರಿಸಿ, ಗೋಡೆಯ ಸ್ಥಿತಿಯನ್ನೂ ತಿಳಿಸಬೇಕು. ಉಸಿರೆಳೆಯುವಾಗ ಪಕ್ಕೆ ಒಳಸೇದಿದರೆ ಒಂದು ಗಳಿಗೆಯೂ ತಡ ಮಾಡಬಾರದು.

ಒಣ ಪೊರಕೆಯಿಂದ ಕೆರೆದರೆ ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆದು, ಎನ್-95 ಮುಖಗವಸು, ಕೈಗವಸು ಧರಿಸಿ, ಸೋಪುನೀರಿನ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಬೇಕು. ಬ್ಲೀಚಿಂಗ್ ಪುಡಿಗೆ ಆಸಿಡ್ ಬೆರೆಸಿದರೆ ವಿಷಾನಿಲ ಹೊಮ್ಮುತ್ತದೆ, ಬೆರೆಸಲೇಬಾರದು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡವಿಟ್ಟು ಗೋಡೆ ಒಣಗಿಸುವುದಂತೂ ಪ್ರಾಣಕ್ಕೇ ಅಪಾಯ: ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ನಿದ್ರೆಯಲ್ಲೇ ಕೊಲ್ಲುತ್ತದೆ.

ಸೋರಿಕೆ ನಿಲ್ಲಿಸದೆ ಬಳಿದ ಬಣ್ಣದಡಿ ಬೂಷ್ಟು ಮರಳಿ ಬರುತ್ತದೆ. ಬಾಡಿಗೆ ಮನೆಯಾದರೆ ಮೇ ತಿಂಗಳೊಳಗೆ ಮಾಲೀಕರನ್ನು ಕೇಳಿ ಚಾವಣಿಯ ತಗಡು, ನೀರಿನ ಪೈಪು ಸರಿಪಡಿಸಿಕೊಳ್ಳುವುದು ಒಳಿತು. ಮಳೆ ಹಿಡಿದ ಮೇಲೆ ಕೆಲಸಗಾರರು ಚಾವಣಿ ಏರುವುದು ಕಷ್ಟ.