ಹಲಗೆಯ ಕೆಳಗಿನ ಒಂದು ಗೇಣು ಕತ್ತಲೆ

ತೋಟದ ಮನೆಯ ಮುಂದೆ, ನೆಲದಿಂದ ಒಂದು ಗೇಣು ಮೇಲಕ್ಕೆ ಮರದ ಹಲಗೆಗಳನ್ನು ಹಾಸಿ ಕೂರುವ ಜಾಗ ಮಾಡಿಕೊಳ್ಳುವುದು ಈಚಿನ ಶೋಕಿ. ಇದಕ್ಕೆ ‘ಡೆಕ್’ ಎಂದು ಹೆಸರು. ಸಂಜೆ ಗಾಳಿಗೆ ಕುರ್ಚಿ ಹಾಕಿಕೊಂಡು ಕೂರಲು ಬಲು ಸೊಗಸು. ಆದರೆ ಕಟ್ಟಿಸಿದವರನ್ನು ಕೆಲವೇ ದಿನಗಳಲ್ಲಿ ಒಂದು ಚಿಂತೆ ಹಿಡಿಯುತ್ತದೆ: ಹಲಗೆಯ ಕೆಳಗೆ ಇಲಿ ಸೇರಿಕೊಂಡರೆ? ಹಿರಿಯೂರು, ಹೊಸದುರ್ಗದಂಥ ಬಯಲುಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಬಾಲವೂ ಇದೆ. ಇಲಿ ಬಂದಲ್ಲಿಗೆ ಹಾವೂ ಬರುತ್ತದೆ.

ಡೆಕ್ ಹೊಸದು, ಚಿಂತೆ ಹೊಸದಲ್ಲ. ನೆಲಕ್ಕೂ ಕಾಲಿಗೂ ನಡುವೆ ಎಷ್ಟು ಜಾಗ ಬಿಡಬೇಕು ಎನ್ನುವುದು ಮನೆ ಕಟ್ಟುವವರು ಬಹಳ ಹಿಂದಿನಿಂದಲೂ ಎದುರಿಸಿದ ಪ್ರಶ್ನೆ. ಚಿತ್ರದುರ್ಗದ ಸುತ್ತಿನ ಹಳೆಯ ಮನೆಗಳ ಜಗಲಿಯನ್ನೇ ನೋಡಿ. ಸುತ್ತ ಕಾಡುಗಲ್ಲಿನ ಕಟ್ಟಡ, ಒಳಗೆ ಮಣ್ಣು ಮತ್ತು ಗರಸು ತುಂಬಿ ದಮ್ಮಸು ಹಾಕಿ, ಮೇಲೆ ಚಪ್ಪಡಿ ಹಾಸುವುದು ಅಥವಾ ಸಗಣಿ ಸಾರಿಸುವುದು. ಎಲ್ಲಿಯೂ ಪೊಳ್ಳಿಲ್ಲ. ಊರಿನ ಸುದ್ದಿಯೆಲ್ಲ ಜಗಲಿಯ ಮೇಲೆ ಮರಿ ಹಾಕುತ್ತಿತ್ತೇ ಹೊರತು, ಇಲಿ ಅದರ ಕೆಳಗೆ ಮರಿ ಹಾಕುವುದು ಸುಲಭವಿರಲಿಲ್ಲ. ಹೆಗ್ಗಣ ಮೂಲೆಯಲ್ಲಿ ಕೊರೆದದ್ದು ಕಂಡರೆ ಬಿಲಕ್ಕೆ ಗಾಜಿನ ಚೂರು ತುರುಕಿ ಗಾರೆ ಮೆತ್ತುತ್ತಿದ್ದರು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪದ್ಧತಿಯೂ ಇತ್ತು. ಅಡಿಕೆ ಬೆಳೆಯುವವರು ಅಂಗಳದಲ್ಲಿ ಅಡಿಕೆ ದಬ್ಬೆಗಳನ್ನು ಸಾಲಾಗಿ ಹಾಸಿ ಅಟ್ಟ ಕಟ್ಟಿ, ಬೇಯಿಸಿದ ಅಡಿಕೆಯನ್ನು ಅದರ ಮೇಲೆ ಒಣಗಿಸುತ್ತಾರೆ. ಈಗಿನ ಡೆಕ್‌ಗೆ ನಮ್ಮಲ್ಲಿ ಯಾರಾದರೂ ಅಜ್ಜ ಇದ್ದರೆ ಅದು ಈ ದಬ್ಬೆಯ ಅಟ್ಟವೇ. ಆದರೆ ಅದರ ಎತ್ತರವೇ ಬೇರೆ. ಕೆಳಗೆ ಜನ ಓಡಾಡುತ್ತಾರೆ, ಗುಡಿಸುತ್ತಾರೆ, ಮಕ್ಕಳು ಆಡುತ್ತವೆ. ಗಾಳಿ ಬೆಳಕು ಸುಳಿದಾಡುವ ಅಂಥ ಕಡೆ ಇಲಿ ಹಾದು ಹೋಗಬಹುದು, ಸಂಸಾರ ಹೂಡುವುದಿಲ್ಲ.

ತೊಂದರೆ ಇರುವುದು ಈ ಎರಡರ ನಡುವಿನ ಎತ್ತರದಲ್ಲಿ. ಹುಲ್ಲಿನ ಬಣವೆ ಇದಕ್ಕೆ ಒಳ್ಳೆಯ ನಿದರ್ಶನ. ತೇವ ತಾಗದಿರಲೆಂದು ಕಲ್ಲು ಹಾಸಿ ಅದರ ಮೇಲೆ ಬಣವೆ ಒಟ್ಟುತ್ತಾರೆ. ಕಲ್ಲುಗಳ ಸಂದಿಯಲ್ಲಿ ಕತ್ತಲೆ, ಮೇಲೆ ಬೆಚ್ಚನೆಯ ಹುಲ್ಲು, ಹುಲ್ಲಿನಲ್ಲಿ ಉಳಿದ ಕಾಳು. ಬೇಸಿಗೆಯ ಕೊನೆಗೆ ಬಣವೆಯ ಬುಡ ಕೀಳುವಾಗ ಊರಿನ ನಾಯಿಗಳೆಲ್ಲ ಯಾಕೆ ಸುತ್ತ ನಿಲ್ಲುತ್ತವೆಂದು ಹಳ್ಳಿಯವರಿಗೆ ಹೇಳಬೇಕಾಗಿಲ್ಲ. ಬಣವೆಯನ್ನು ಮನೆಯಿಂದ ದೂರ ಹಾಕುತ್ತಿದ್ದದ್ದು ಮುಖ್ಯವಾಗಿ ಬೆಂಕಿಯ ಭಯಕ್ಕೆ. ಅದರಿಂದ ಇಲಿಯೂ ದೂರ ಉಳಿಯಿತು.

ಧಾನ್ಯದ ವಿಷಯದಲ್ಲಿ ಮಾತ್ರ ಬಯಲುಸೀಮೆಯವರು ಯಾವ ಔದಾಸೀನ್ಯಕ್ಕೂ ಎಡೆ ಕೊಡಲಿಲ್ಲ. ಅದನ್ನು ನೆಲದ ಮೇಲೆ ಇಡದೆ ನೆಲದೊಳಗೇ ಹೂತರು. ಇದೇ ಹಗೇವು. ಗಟ್ಟಿ ನೆಲದಲ್ಲಿ ಹೂಜಿಯ ಆಕಾರಕ್ಕೆ ತೋಡಿದ ಗುಂಡಿ: ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೋಡೆಗೆ ಹುಲ್ಲು ಒತ್ತಿ, ರಾಗಿಯನ್ನೋ ಜೋಳವನ್ನೋ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಆಯಿತು. ಕಾಳು ತಾನೇ ಉಸಿರಾಡಿ ಒಳಗಿನ ಆಮ್ಲಜನಕವನ್ನು ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಬದುಕದು, ಇಲಿಯಂತೂ ದೂರದ ಮಾತು. ಹುಳು ಹಿಡಿಯುವುದೇ ಅಪರೂಪವಾದ ರಾಗಿ ಹೀಗೆ ವರ್ಷಗಟ್ಟಲೆ ಉಳಿಯುತ್ತಿತ್ತು. ಅದೇ ಗಾಳಿ ಮನುಷ್ಯನಿಗೂ ಯಮ. ಹಗೇವಿನ ಬಾಯಿ ತೆರೆದು ಸಾಕಷ್ಟು ಹೊತ್ತು ಬಿಟ್ಟು, ದೀಪ ಇಳಿಸಿ ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಅವಸರಪಟ್ಟು ಇಳಿದು ಮೇಲೆ ಬಾರದವರೂ ಇದ್ದಾರೆ.

ಟಿಪ್ಪುವಿನ ಪತನದ ನಂತರ, 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ರಾಗಿಯನ್ನು ಹೀಗೆ ಗುಂಡಿಗಳಲ್ಲಿ ಕಾಪಾಡುವುದನ್ನು ಗಮನಿಸಿ ಬರೆದಿಟ್ಟಿದ್ದಾನೆ. ಚಿತ್ರದುರ್ಗದ ಕೋಟೆ ಹತ್ತಿದವರು ಕಣಜಗಳನ್ನೂ ಎಣ್ಣೆ ಕೊಳಗಳನ್ನೂ ನೋಡಿರುತ್ತಾರೆ. ಒನಕೆ ಓಬವ್ವನ ಕಿಂಡಿಯ ಮುಂದೆ ನಿಂತು ಮೈಮರೆಯುವ ನಮಗೆ, ಹೈದರಾಲಿಯ ದಂಡು ಕೆಳಗೆ ಬೀಡುಬಿಟ್ಟಾಗ ಕೋಟೆಯೊಳಗಿನವರು ಉಂಡದ್ದೇನು ಎನ್ನುವುದು ಹೊಳೆಯುವುದೇ ಇಲ್ಲ. 1779ರಲ್ಲಿ ಕೋಟೆ ಬೀಳುವವರೆಗೂ ಪಾಳೆಯಗಾರರ ಬಲ ಬಂಡೆಯಲ್ಲಿ ಎಷ್ಟಿತ್ತೋ ಕಾಳಿನಲ್ಲೂ ಅಷ್ಟೇ ಇತ್ತು.

ನೆಲದೊಳಗಿನ ಕಾಳು ಕ್ರಮೇಣ ಗೋಣಿಚೀಲಕ್ಕೆ ಬಂತು, ಚೀಲ ರೈಲು ಹತ್ತಿತು. ಹುಬ್ಬಳ್ಳಿಯ ಕಡೆಯಿಂದ ಹರಿಹರ, ಚಿಕ್ಕಜಾಜೂರು, ಹೊಸದುರ್ಗ ರೋಡ್, ಬೀರೂರಿನ ಮೇಲೆ ಬೆಂಗಳೂರಿಗೆ ಹೋಗುವ ದಾರಿ 19ನೇ ಶತಮಾನದ ಕೊನೆಯ ಹೊತ್ತಿಗೆ ಸಿದ್ಧವಾಗಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿ-ಧಾರವಾಡವನ್ನು ಮುಟ್ಟಿ, 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟು ಕಟ್ಟುವ ಕೆಲಸ ಆರಂಭವಾದದ್ದೂ ಅದೇ ವರ್ಷ. ಬರಕ್ಕೆ ಮದ್ದು ಹುಡುಕುತ್ತಿದ್ದ ಹೊತ್ತಿಗೇ ಇನ್ನೊಂದು ಮಾರಿ ಬಾಗಿಲಿಗೆ ಬಂದಿತ್ತು.

ಆಗ ಬಯಲಾದದ್ದು ನಮ್ಮ ಮನೆಗಳ ಇನ್ನೊಂದು ಮುಖ. ಜಗಲಿ ಗಟ್ಟಿ, ಹಗೇವು ಭದ್ರ. ಆದರೆ ತಲೆಯ ಮೇಲೆ? ಬಯಲುಸೀಮೆಯ ಮಾಳಿಗೆ ಮನೆಗೆ ತೊಲೆ, ಅದರ ಮೇಲೆ ಜಂತಿ, ಕಡ್ಡಿ, ಸೊಪ್ಪು, ಎಲ್ಲದರ ಮೇಲೆ ಚೌಳು ಮಣ್ಣು. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ. ಆ ಕಡ್ಡಿ-ಸೊಪ್ಪಿನ ನಡುವಿನ ಸಂದು ಮನೆ ಇಲಿಗೆ ಹೇಳಿ ಮಾಡಿಸಿದ ಅರಮನೆ. ಕೆಳಗೆ ಚೀಲದಲ್ಲಿ ಕಾಳು, ಪಕ್ಕದಲ್ಲೇ ದನದ ಕೊಟ್ಟಿಗೆ. ಇಲಿ ಸತ್ತು ಬೀಳುತ್ತಿದ್ದದ್ದು ಮೇಲಿನಿಂದ. ‘ಇಲಿ ಬಿತ್ತು’ ಎಂದರೆ ಊರು ಬಿಡಬೇಕು ಎಂದೇ ಅರ್ಥವಾಯಿತು. ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದು, ಮನೆಗೆ ಬಿಸಿಲು ಕಾಣಿಸಿ, ಸುಣ್ಣ ಬಳಿದು ಮರಳುತ್ತಿದ್ದರು. ಅನಂತಮೂರ್ತಿಯವರ ‘ಸಂಸ್ಕಾರ’ (1965) ಓದಿದವರಿಗೆ ಅಗ್ರಹಾರದಲ್ಲಿ ಸತ್ತು ಬೀಳುವ ಇಲಿಗಳು ನೆನಪಿರಬಹುದು. ಅದು ಮಲೆನಾಡಿನ ಕಥೆ. ಬಯಲುಸೀಮೆಯ ಅಜ್ಜಿಯರ ಬಾಯಲ್ಲಿಯೂ ಇಂಥ ಕಥೆಗಳಿಗೆ ಬರವಿರಲಿಲ್ಲ.

ವಿಚಿತ್ರವೆಂದರೆ, ಇಲಿಗೂ ರೋಗಕ್ಕೂ ಇರುವ ಕೊಂಡಿ ಏನೆಂದು ಆಗ ಸರ್ಕಾರಕ್ಕೂ ಸರಿಯಾಗಿ ತಿಳಿದಿರಲಿಲ್ಲ. ಪ್ಲೇಗಿನ ಸೂಕ್ಷ್ಮಾಣುವನ್ನು ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದ. ಅದನ್ನು ಇಲಿಯಿಂದ ಮನುಷ್ಯನಿಗೆ ಸಾಗಿಸುವುದು ಚಿಗಟ ಎಂದು ಫ್ರೆಂಚ್ ವೈದ್ಯ ಪೌಲ್ ಲೂಯಿ ಸಿಮೋಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲೇ. ಇಲಿ ಸತ್ತು ಮೈ ತಣ್ಣಗಾದ ಕೂಡಲೆ ಚಿಗಟಗಳು ಬೇರೆ ಬಿಸಿ ಮೈ ಹುಡುಕುತ್ತವೆ. ಸತ್ತ ಇಲಿಯನ್ನು ಬಾಲ ಹಿಡಿದು ಎಸೆದವರೇ ಮೊದಲು ಮಲಗುತ್ತಿದ್ದದ್ದು ಅದಕ್ಕೇ. ಆದರೆ ಸಿಮೋಂಡನ ಮಾತನ್ನು ಕೇಳಿದವರು ಕಡಿಮೆ. ಮುಂಬಯಿಯ ಪ್ರಯೋಗಗಳು ಅದನ್ನು ಖಚಿತಪಡಿಸಿದ್ದು 1905ರ ನಂತರ. ಅಷ್ಟರಲ್ಲಿ ರೋಗ ದೇಶವನ್ನೆಲ್ಲ ಸುತ್ತಿತ್ತು. 20 ವರ್ಷಗಳಲ್ಲಿ ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು.

ಸಂಸ್ಥಾನದಲ್ಲಿ ಪ್ಲೇಗ್ ಕಮಿಷನರ್ ಆಗಿದ್ದವರು ವಿ.ಪಿ. ಮಾಧವರಾವ್, ಮುಂದೆ 1906ರಲ್ಲಿ ದಿವಾನರಾದವರು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತಂದು ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳನ್ನು ನಿರ್ಮಿಸಿದ್ದು ಈ ಕಾಲದಲ್ಲಿ. ಆ ಅಗಲ ರಸ್ತೆಗಳನ್ನು ಹೊಗಳುವಾಗ ನಾವು ದಿವಾನರನ್ನು ನೆನೆಯುತ್ತೇವೆ. ಇಲಿಗೂ ಒಂದು ಪಾಲು ಸಲ್ಲಬೇಕು.

ಮರದ ಹಲಗೆಯ ಮೇಲೆ ನೇರವಾಗಿ ಯುದ್ಧ ಸಾರಿದ ಊರು ಮಾತ್ರ ದೂರದ ಸಾನ್‌ಫ್ರಾನ್ಸಿಸ್ಕೊ. 1907-08ರಲ್ಲಿ ಅಲ್ಲಿ ಪ್ಲೇಗು ಎರಡನೆಯ ಬಾರಿ ಎದ್ದಾಗ, ರೂಪರ್ಟ್ ಬ್ಲೂ ಎಂಬ ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಹಿತ್ತಿಲುಗಳಲ್ಲಿ ಹಾಸಿದ್ದ ಹಲಗೆಗಳನ್ನು ಕಿತ್ತು ಹಾಕಿಸಿ ಕಾಂಕ್ರೀಟು ಹಾಕಿಸಿದರು. 1914ರಲ್ಲಿ ನ್ಯೂ ಆರ್ಲಿಯನ್ಸ್ ನಗರ ಇನ್ನೂ ಸ್ಪಷ್ಟವಾದ ಕಾನೂನು ಮಾಡಿತು: ಕಟ್ಟಡದ ತಳಕ್ಕೆ ಇಲಿ ಕೊರೆಯದಂತೆ ಕಾಂಕ್ರೀಟು ಹಾಕಿ, ಇಲ್ಲವೇ ಕಂಬಗಳ ಮೇಲೆ ಸುಮಾರು ಒಂದೂವರೆ ಅಡಿ ಎತ್ತರಿಸಿ ಕೆಳಗೆ ತೆರೆದು ಬಿಡಿ. ಒಂದು ನಮ್ಮ ಜಗಲಿ, ಇನ್ನೊಂದು ನಮ್ಮ ಅಡಿಕೆ ಅಟ್ಟ! ಜಪಾನಿನ ಪ್ರಾಚೀನ ರೈತರು ಕಂಬದ ಮೇಲಿನ ಕಣಜಕ್ಕೆ, ಕಂಬದ ತಲೆಯಲ್ಲಿ ಅಗಲವಾದ ಹಲಗೆ ಸಿಕ್ಕಿಸಿ ಇಲಿಯನ್ನು ಹಿಂದಕ್ಕೆ ಕಳಿಸುತ್ತಿದ್ದರು. ಅದೂ ಇದೇ ಯೋಚನೆ.

ಹಾಗಾದರೆ ಇಂದಿನ ಡೆಕ್? ಪ್ಲೇಗಿನ ಭಯ ಈಗ ಹೆಚ್ಚು ಕಡಿಮೆ ಹಿಂದಿನ ಕಥೆ. 1994ರಲ್ಲಿ ಸೂರತ್ ಒಮ್ಮೆ ಬೆಚ್ಚಿಬೀಳಿಸಿತು ಎನ್ನುವುದನ್ನು ಮರೆಯುವಂತಿಲ್ಲ. ಇಲಿಜ್ವರ ಇದೆ, ಹಾವಿದೆ, ಹನಿ ನೀರಾವರಿಯ ಪೈಪು ಕಡಿಯುವ ಹಲ್ಲಿದೆ. ಹಲಗೆಯಿಂದ ಇಲಿಯ ಹೊಟ್ಟೆ ತುಂಬುವುದಿಲ್ಲ, ಅದಕ್ಕೆ ಬೇಕಾದದ್ದು ಮರೆ ಮಾತ್ರ. ಊಟ ನಾವೇ ಬಡಿಸುತ್ತೇವೆ: ಕೋಳಿಗೆ ಚೆಲ್ಲಿದ ಕಾಳು, ನಾಯಿಯ ತಟ್ಟೆಯಲ್ಲಿ ಉಳಿದ ಅನ್ನ, ಉದುರಿದ ಸಪೋಟ. ಬೇಸಿಗೆಯ ಹಿರಿಯೂರಿನಲ್ಲಿ ತೊಟ್ಟಿಕ್ಕುವ ಒಂದು ನಲ್ಲಿಯೇ ದೊಡ್ಡ ಆಮಂತ್ರಣ. ಇವನ್ನು ನಿಲ್ಲಿಸದೆ ಹಲಗೆಯನ್ನು ಬೈದು ಫಲವಿಲ್ಲ.

ಕಟ್ಟುವಾಗಲೇ ಕೆಳಗೆ ಗರಸು ದಮ್ಮಸು ಮಾಡಿ ಕಾಂಕ್ರೀಟು ಹಾಕಿಸಿ ಹಲಗೆಯನ್ನು ಅದಕ್ಕೆ ಅಂಟಿದಂತೆ ಕೂರಿಸಬಹುದು. ಇಲ್ಲವೆ ಮೊಣಕಾಲೆತ್ತರ ಏರಿಸಿ, ಸುತ್ತ ಮುಚ್ಚದೆ, ಪೊರಕೆ ಹೋಗುವಂತೆ ಬಿಡಬಹುದು. ಚೆಂದಕ್ಕೆಂದು ಸುತ್ತ ಪಟ್ಟಿ ಹೊಡೆದು ಒಳಗೆ ಕತ್ತಲೆ ಮಾಡುವುದೇ ಎಡವಟ್ಟು. ತಗ್ಗಿನಲ್ಲೇ ಬೇಕೆಂದರೆ ಅರ್ಧ ಇಂಚಿಗಿಂತ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿಯನ್ನು ಸುತ್ತಲೂ ಒಂದಡಿ ಆಳಕ್ಕೆ ಹೂತು, ಅದರ ಅಂಚನ್ನು ಹೊರಕ್ಕೆ ಮಡಿಸಬೇಕು. ಚಿಟ್ಟಿಲಿಗೆ ಕಾಲಿಂಚಿನ ಕಣ್ಣೇ ಬೇಕು. ಪಾಷಾಣ ಇಡುವುದು ಕೊನೆಯ ದಾರಿ. ಇಲಿ ಕೈಗೆಟುಕದ ಕಡೆ ಸತ್ತು ನಾರುತ್ತದೆ. ಅದನ್ನು ತಿಂದ ಬೆಕ್ಕೂ ಗೂಬೆಯೂ ಸಾಯಬಹುದು. ನಮಗಾಗಿ ಪುಕ್ಕಟೆ ದುಡಿಯುವವು ಅವೆರಡೇ.

ಹಲಗೆಗಳಲ್ಲಿ ಒಂದೆರಡಕ್ಕಾದರೂ ಮೊಳೆ ಹೊಡೆಯದೆ ಸ್ಕ್ರೂ ಹಾಕಿಸಿದರೆ ಆಗಾಗ ಎತ್ತಿ ನೋಡಬಹುದು. ಎತ್ತಿದ ಕೂಡಲೆ ಕೈ ಹಾಕುವುದು ಬೇಡ. ಮೊದಲು ಕೋಲಿನಿಂದ ತಟ್ಟಿ, ಟಾರ್ಚ್ ಬಿಟ್ಟು ನೋಡಿ. ಇಲಿಯ ವಾಸನೆ ಹಿಡಿದು ಕೊಳಕುಮಂಡಲ ನಿಮಗಿಂತ ಮೊದಲೇ ಅಲ್ಲಿಗೆ ಬಂದಿರಬಹುದು.