ಉತ್ತರ ಬಾಲ್ಯ: ಅಧ್ಯಯನದ ಇತಿಹಾಸ

ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳಲ್ಲಿ ಓದುವ, ಸುಮಾರು 8ರಿಂದ 12 ವರ್ಷದ ಮಕ್ಕಳ ಬೆಳವಣಿಗೆಯ ಘಟ್ಟವನ್ನು ಶೈಕ್ಷಣಿಕ ಮನೋವಿಜ್ಞಾನದಲ್ಲಿ ಉತ್ತರ ಬಾಲ್ಯ ಎಂದು ಕರೆಯುತ್ತಾರೆ. ಶೈಶವ ಮತ್ತು ಹದಿಹರೆಯಗಳಲ್ಲಿ ಬದಲಾವಣೆಗಳು ಎದ್ದು ಕಾಣುವುದರಿಂದ ವಿದ್ವಾಂಸರ ಗಮನ ಮೊದಲು ಅವುಗಳತ್ತಲೇ ಹರಿದಿತ್ತು. ಸಿಗ್ಮಂಡ್ ಫ್ರಾಯ್ಡ್ 1905ರಲ್ಲಿ ಈ ವರ್ಷಗಳನ್ನು ಸುಪ್ತಾವಸ್ಥೆ, ಅಂದರೆ ಸಹಜ ಪ್ರವೃತ್ತಿಗಳು ಅಡಗಿರುವ ಕಾಲ, ಎಂದು ವರ್ಣಿಸಿದ್ದು ಆ ಉಪೇಕ್ಷೆಯನ್ನು ಇನ್ನಷ್ಟು ಗಟ್ಟಿಗೊಳಿಸಿತು.

ಕ್ರಮಬದ್ಧ ಅಧ್ಯಯನಕ್ಕೆ ಒತ್ತಡ ಬಂದದ್ದು ಶಾಲೆಗಳಿಂದ. ಶಿಕ್ಷಣ ಕಡ್ಡಾಯವಾಗಿದ್ದ ಫ್ರಾನ್ಸ್‌ನಲ್ಲಿ, ಸಾಮಾನ್ಯ ತರಗತಿಯ ಪಾಠ ಹತ್ತದ ಮಕ್ಕಳನ್ನು ಗುರುತಿಸಲು ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ 1905ರಲ್ಲಿ ಬುದ್ಧಿಶಕ್ತಿಯ ಪರೀಕ್ಷೆಯೊಂದನ್ನು ರಚಿಸಿದರು. 1908ರ ಪರಿಷ್ಕರಣೆಯಲ್ಲಿ ಪ್ರಶ್ನೆಗಳನ್ನು ವಯಸ್ಸಿಗನುಗುಣವಾಗಿ ಜೋಡಿಸಿದರು. ಇದನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಒಗ್ಗಿಸಿ ವಿ. ವಿ. ಕಾಮತ್ 1934ರಲ್ಲಿ ಪ್ರಕಟಿಸಿದ ರೂಪವು ಬಿನೆ–ಕಾಮತ್ ಪರೀಕ್ಷೆಯೆಂದು ಭಾರತದ ಚಿಕಿತ್ಸಾಲಯಗಳಲ್ಲಿ ದೀರ್ಘಕಾಲ ಬಳಕೆಯಲ್ಲಿ ಉಳಿಯಿತು.

ಇಂಥ ಪರೀಕ್ಷೆಗಳು ಸರಿಯುತ್ತರಗಳನ್ನು ಎಣಿಸುತ್ತಿದ್ದವು. ತಪ್ಪುತ್ತರಗಳಿಗೂ ಒಂದು ತರ್ಕವಿದೆ ಎಂದು ಕಂಡುಕೊಂಡದ್ದು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಅವರ ದೊಡ್ಡ ಕೊಡುಗೆ. 1920ರ ಸುಮಾರಿಗೆ ಪ್ಯಾರಿಸ್ಸಿನ ಶಾಲಾ ಮಕ್ಕಳಿಗೆ ತರ್ಕದ ಪ್ರಶ್ನೆಗಳನ್ನು ಕೊಡುತ್ತಿದ್ದಾಗ, ಒಂದೇ ವಯಸ್ಸಿನವರು ಒಂದೇ ಬಗೆಯಲ್ಲಿ ತಪ್ಪುವುದನ್ನು ಅವರು ಗಮನಿಸಿದರು. ಅವರ ಪ್ರಸಿದ್ಧ ಪ್ರಯೋಗವೊಂದರಲ್ಲಿ ಅಗಲ ಲೋಟದ ನೀರನ್ನು ಮಗುವಿನ ಕಣ್ಣೆದುರಿಗೇ ಕಿರಿದಾದ ಎತ್ತರದ ಲೋಟಕ್ಕೆ ಸುರಿಯಲಾಗುತ್ತದೆ. ಐದು ವರ್ಷದ ಮಗು ನೀರು ಹೆಚ್ಚಾಯಿತೆನ್ನುತ್ತದೆ, ಎಂಟು ವರ್ಷದ ಮಗುವಾದರೋ ಮತ್ತೆ ಮೊದಲಿನ ಲೋಟಕ್ಕೆ ಸುರಿದರೆ ಅಷ್ಟೇ ಇರುತ್ತದಲ್ಲ ಎಂದು ಕಾರಣವನ್ನೂ ಕೊಡುತ್ತದೆ. ಕ್ರಿಯೆಯನ್ನು ಮನಸ್ಸಿನಲ್ಲೇ ಹಿಂದಿರುಗಿಸಿ ನೋಡುವ ಈ ಸಾಮರ್ಥ್ಯವನ್ನು ಆಧರಿಸಿ, 7ರಿಂದ 11 ವರ್ಷದ ಅವಧಿಗೆ ಅವರು ಮೂರ್ತ ಕ್ರಿಯೆಗಳ ಹಂತವೆಂದು ಹೆಸರಿಟ್ಟರು: ಮಗು ಕಣ್ಣಿಗೆ ಕಾಣುವ ವಸ್ತುಗಳ ಬಗ್ಗೆ ತರ್ಕಬದ್ಧವಾಗಿ ಯೋಚಿಸಬಲ್ಲದು, ಕೇವಲ ಊಹೆಗಳ ಮೇಲೆ ತರ್ಕ ಹೂಡುವುದು ಅದಕ್ಕಿನ್ನೂ ಕಷ್ಟ. 1932ರ ಕೃತಿಯಲ್ಲಿ ಅವರು ಗೋಲಿಯಾಟದ ನಿಯಮಗಳ ಬಗ್ಗೆ ಹುಡುಗರನ್ನು ವಿಚಾರಿಸಿ, ನಿಯಮವೆಂದರೆ ಹಿರಿಯರು ಹಾಕಿಕೊಟ್ಟ ಕಟ್ಟಳೆಯೆಂದು ನಂಬಿದ್ದವರು ಹತ್ತು–ಹನ್ನೊಂದರ ಹೊತ್ತಿಗೆ ಅದನ್ನು ಆಟಗಾರರೇ ಒಪ್ಪಿ ಬದಲಿಸಬಹುದಾದ ಒಪ್ಪಂದವೆಂದು ತಿಳಿಯುವ ಬಗೆಯನ್ನು ತೋರಿಸಿದರು.

ಆದರೆ ಹಂತಗಳು ಅವರು ಭಾವಿಸಿದಷ್ಟು ಕಟ್ಟುನಿಟ್ಟಾಗಿರಲಿಲ್ಲ. 1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಪ್ರಕಟಿಸಿದ ಪ್ರಯೋಗದಲ್ಲಿ, ಬಿಲ್ಲೆಗಳ ಸಾಲನ್ನು ದೊಡ್ಡವರ ಬದಲು ತುಂಟ ಗೊಂಬೆಕರಡಿಯೊಂದು ಕೆದರಿದಂತೆ ಮಾಡಿದಾಗ, ಆರು ವರ್ಷ ತುಂಬದ ಅನೇಕ ಮಕ್ಕಳೂ ಸಂಖ್ಯೆ ಬದಲಾಗಿಲ್ಲವೆಂದು ಸರಿಯಾಗಿ ಹೇಳಿದರು. ದೊಡ್ಡವರು ಏನೋ ಮಾಡಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಉತ್ತರ ಬದಲಿಸಬೇಕೆಂದು ಮಗು ತಿಳಿಯುವ ಸಂಭವವಿರುವುದರಿಂದ, ತಪ್ಪಿನ ಮೂಲವನ್ನು ಮಗುವಿನಲ್ಲಷ್ಟೇ ಹುಡುಕುವುದು ನ್ಯಾಯವಲ್ಲ. 1934ರಲ್ಲಿ ತೀರಿಕೊಂಡ ರಷ್ಯಾದ ಲೆವ್ ವಿಗೋಟ್‌ಸ್ಕಿ ಇನ್ನೊಂದು ದಾರಿ ಹಿಡಿದು, ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಅಂತರವನ್ನು ಸಮೀಪ ವಿಕಾಸ ವಲಯವೆಂದು ಕರೆದಿದ್ದರು.

ಭಾವಜೀವನದ ಅಧ್ಯಯನ ತಡವಾಗಿ ಬೆಳೆಯಿತು. ಎರಿಕ್ ಎರಿಕ್‌ಸನ್ 1950ರಲ್ಲಿ ಈ ವಯಸ್ಸಿನ ಮುಖ್ಯ ತಿಕ್ಕಾಟವನ್ನು ಕಾರ್ಯೋತ್ಸಾಹ ಮತ್ತು ಕೀಳರಿಮೆಗಳ ನಡುವಿನದೆಂದು ಗುರುತಿಸಿ, ಮಗುವಿಗೆ ತನ್ನ ಕೈಲಾಗುತ್ತದೆ ಎಂಬ ವಿಶ್ವಾಸ ಶಾಲೆಯಲ್ಲೇ ಮೂಡುತ್ತದೆ ಅಥವಾ ಮುರಿಯುತ್ತದೆ ಎಂಬುದನ್ನು ಮನಗಾಣಿಸಿದರು. ಹ್ಯಾರಿ ಸ್ಟ್ಯಾಕ್ ಸಲಿವನ್ ಅವರ 1953ರ ಮರಣೋತ್ತರ ಗ್ರಂಥವು ಗಮನವನ್ನು ಓರಗೆಯವರತ್ತ ತಿರುಗಿಸಿತು: ಒಂಬತ್ತು–ಹತ್ತರ ಸುಮಾರಿಗೆ ದೊರೆಯುವ ಆಪ್ತ ಗೆಳೆಯ ಅಥವಾ ಗೆಳತಿಯ ಸುಖದುಃಖವು ಮಗುವಿಗೆ ತನ್ನದರಷ್ಟೇ ಮುಖ್ಯವಾಗುತ್ತದೆಂದೂ, ಮನೆಯಲ್ಲಿ ಆದ ಗಾಯಗಳನ್ನು ಅಂಥ ಗೆಳೆತನ ಎಷ್ಟೋಮಟ್ಟಿಗೆ ಮಾಯಿಸಬಲ್ಲದೆಂದೂ ಅವರು ವಾದಿಸಿದರು.