ಕಸೂತಿಯ ಎಣಿಕೆ: ಇಳಕಲ್ಲಿನ ಬಟ್ಟೆಯಿಂದ ಪುಣೆಯ ಪೇಟೆಯವರೆಗೆ

ಪುಣೆಯಲ್ಲಿ ನೆಲೆಸಿದ ಕನ್ನಡ ಮನೆತನಗಳ ಹಳೆಯ ಪೆಟ್ಟಿಗೆಗಳಲ್ಲಿ ಅಜ್ಜಿಯ ಕಾಲದ ಇಳಕಲ್ ಸೀರೆಯೊಂದು ದೊರೆಯುವುದು ಅಪೂರ್ವವೇನಲ್ಲ. ಅದರ ಸೆರಗಿನ ಮಗ್ಗುಲಲ್ಲಿ ಗೋಪುರ, ತೇರು, ಅಂಬಾರಿಯಾನೆ, ತುಳಸೀಕಟ್ಟೆಗಳು ಸಾಲುಗೊಂಡಿರುತ್ತವೆ. ನೋಡಿದವರು ಚಿತ್ತಾರವನ್ನು ಮೆಚ್ಚಿ ಮತ್ತೆ ಮಡಿಸಿಡುತ್ತಾರೆ. ಆದರೆ ಕಸೂತಿಯ ಚರಿತ್ರೆಯನ್ನು ಅರಿಯಬೇಕೆನ್ನುವವರು ಮೊದಲು ನೋಡಬೇಕಾದುದು ಚಿತ್ತಾರವನ್ನಲ್ಲ. ಅದನ್ನು ಹೊತ್ತ ಬಟ್ಟೆಯ ನೂಲನ್ನು, ಅನಂತರ ಆ ಬಟ್ಟೆಯ ಹಿಮ್ಮೈಯನ್ನು. ಏಕೆಂದರೆ ಕಸೂತಿಯು ಬರೆದು ಹೊಲಿಯುವ ಕಲೆಯಲ್ಲ, ಎಣಿಸಿ ಹೊಲಿಯುವ ಕಲೆ.

ಧಾರವಾಡ ಸೀಮೆಯ ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳುಂಟು. ಗವಂತಿಯಲ್ಲಿ ಸೂಜಿಯು ಹೋಗುವಾಗ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆ ಹಾಕುತ್ತ ಸಾಗಿ, ಹಿಂತಿರುಗುವಾಗ ಬಿಟ್ಟ ಸ್ಥಳಗಳನ್ನೆಲ್ಲ ತುಂಬುತ್ತದೆ. ಮುರಗಿಯು ಇದೇ ಕ್ರಮದಲ್ಲಿ ಮೆಟ್ಟಿಲುಮೆಟ್ಟಿಲಾಗಿ ಏರಿಳಿಯುತ್ತದೆ. ನೇಯ್ಗಿಯು ಉದ್ದಗಿಡ್ಡ ಹೊಲಿಗೆಗಳ ಸಾಲುಗಳಿಂದ ನೆಯ್ದ ಬುಟ್ಟಾದಂತೆ ತೋರುತ್ತದೆ. ಮೆಂತಿಯು ಒಂದರ ಮೇಲೊಂದು ಅಡ್ಡಹಾಯುವ ಎರಡು ಹೊಲಿಗೆಗಳಿಂದಾಗುವುದು. ಇಂದು ಲೋಕವೆಲ್ಲ ಕ್ರಾಸ್ ಸ್ಟಿಚ್ ಎಂದು ಕರೆಯುವುದು ಇದನ್ನೇ. ಗವಂತಿ, ಮುರಗಿಗಳಲ್ಲಿ ಗಂಟಿಗೆ ಎಡೆಯಿಲ್ಲ. ಮೇಲ್ಮೈಯೂ ಹಿಮ್ಮೈಯೂ ಒಂದೇ ಸಮನಾಗಿರತಕ್ಕದ್ದು. ಗವಂತಿಯ ಹೊಲಿಗೆ ಕರ್ನಾಟಕಕ್ಕೆ ಮಾತ್ರ ಸೀಮಿತವಾದುದೇನೂ ಅಲ್ಲ. ಹದಿನಾರನೆಯ ಶತಮಾನದ ಯೂರೋಪಿನಲ್ಲಿಯೂ ಅದು ಪ್ರಚಾರದಲ್ಲಿದ್ದಿತು. ಚಿತ್ರಕಾರ ಹಾನ್ಸ್ ಹೋಲ್ಬೈನನು (1497–1543) ಬರೆದ ಭಾವಚಿತ್ರಗಳ ಕೊರಳಪಟ್ಟಿ, ತೋಳಂಚುಗಳಲ್ಲಿ ಕಾಣುವುದರಿಂದ ಅಲ್ಲಿ ಅದಕ್ಕೆ ಆತನ ಹೆಸರೇ ನಿಂತಿದೆ.

ಇಂತಹ ಹೊಲಿಗೆಗೆ ಬಟ್ಟೆಯೇ ಅಳತೆಗೋಲು. ಒಂದು ಅಂಗುಲದಲ್ಲಿ ಹಾಸಿನ ನೂಲುಗಳೆಷ್ಟು, ಹೊಕ್ಕಿನ ನೂಲುಗಳೆಷ್ಟು ಎಂಬುದೇ ಚಿತ್ತಾರದ ಗಾತ್ರವನ್ನೂ ಆಕಾರವನ್ನೂ ನಿರ್ಣಯಿಸುತ್ತದೆ. ಉದಾಹರಣೆಗೆ, ಅಂಗುಲಕ್ಕೆ 40 ಹಾಸುನೂಲು, 30 ಹೊಕ್ಕುನೂಲು ಇರುವ ಬಟ್ಟೆಯಲ್ಲಿ ಎರಡು ಕಡೆಗೂ 120 ನೂಲುಗಳಷ್ಟು ಹರಡುವ ಚೌಕವೊಂದನ್ನು ಎಣಿಸಿ ಹೊಲಿದರೆ, ಅದು ಒಂದು ಕಡೆ 3 ಅಂಗುಲ, ಇನ್ನೊಂದು ಕಡೆ 4 ಅಂಗುಲವಾಗುವುದು. ಎಣಿಕೆಯಲ್ಲಿ ತಪ್ಪಿಲ್ಲದಿದ್ದರೂ ತೇರಿನ ಗಾಲಿ ಮೊಟ್ಟೆಯಾಕಾರ ತಾಳುವುದು. ಆದುದರಿಂದ ಎರಡು ದಿಕ್ಕಿಗೂ ಎಣಿಕೆ ಹೆಚ್ಚುಕಡಿಮೆ ಸಮನಾಗಿ, ನೂಲು ಕಣ್ಣಿಗೆ ಬೇರೆಬೇರೆಯಾಗಿ ಕಾಣುವ ಕೈಮಗ್ಗದ ಬಟ್ಟೆಯೇ ಈ ಕಲೆಗೆ ತಕ್ಕ ನೆಲ.

ಈ ಬಟ್ಟೆಗೂ ಪುಣೆಗೂ ಹಳೆಯ ನಂಟು. ಬ್ರಿಟಿಷರ ಆಳಿಕೆಯಿಂದ ಮೊದಲುಗೊಂಡು 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಧಾರವಾಡ, ಬೆಳಗಾವಿ, ವಿಜಾಪುರಗಳು ಪುಣೆಯೊಡನೆ ಒಂದೇ ಮುಂಬಯಿ ಆಡಳಿತದಲ್ಲಿದ್ದುವು. ಇಳಕಲ್ಲಿನ ಸೀರೆ ಮರಾಠಿ ಮನೆಗಳಲ್ಲಿ ‘ಇರಕಲ್’ ಎನಿಸಿತು. ಗುಳೇದಗುಡ್ಡದ ಕುಪ್ಪಸದ ಕಣ ಅಲ್ಲಿ ‘ಖಣ’ವಾಯಿತು. ಕನ್ನಡ ನಾಡಿನಲ್ಲಿ ಮದುವಣಗಿತ್ತಿಗೆ ಕಸೂತಿಯ ಕಪ್ಪು ಚಂದ್ರಕಾಳಿ ಸೀರೆ ಕೊಡುವ ಪದ್ಧತಿಯಿದ್ದರೆ, ಮರಾಠಿಗರಲ್ಲಿ ಸಂಕ್ರಾಂತಿಗೆ ಕಪ್ಪು ಚಂದ್ರಕಳಾ ಉಡುವ ಪದ್ಧತಿಯಿದೆ. ಎಳೆಗೂಸಿನ ಕುಂಚಿಗೆಯು ಎರಡೂ ಭಾಷೆಯ ತೊಟ್ಟಿಲುಗಳಲ್ಲಿ ಬಳಕೆಯಾಗಿದೆ. ಹೀಗೆ ಸೊಸೆಯಾಗಿ ಪುಣೆಗೆ ಬಂದ ಹೆಣ್ಣುಮಗಳಿಗೆ ತವರಿನ ಹೊಲಿಗೆಯನ್ನು ಮುಂದುವರಿಸಲು ತವರಿನ ಬಟ್ಟೆಯೇ ಕೈಗೆ ಸಿಗುವಂತಿದ್ದಿತು.

ಕಷ್ಟ ಬಂದುದು ಬಟ್ಟೆ ಬದಲಾದಾಗ. ಗಿರಣಿಯ ಬಟ್ಟೆಯಲ್ಲಿ ನೂಲು ಸಣ್ಣದು, ನೆಯ್ಗೆ ದಟ್ಟ; ಬರಿಗಣ್ಣಿಗೆ ಎಣಿಕೆ ದಕ್ಕದು. ಕೃತಕ ನೂಲಿನ ನುಣುಪು ಸೀರೆಗಳು ಬಂದ ಮೇಲಂತೂ ಎಣಿಸುವ ಮಾತೇ ಉಳಿಯಲಿಲ್ಲ. ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಜಾಳುಬಟ್ಟೆಯ ತುಂಡೊಂದನ್ನು ಸೀರೆಯ ಮೇಲೆ ಟಾಕು ಹಾಕಿ, ಅದರ ಕಣ್ಣುಗಳನ್ನೆಣಿಸಿ ಹೊಲಿದು, ಕೊನೆಗೆ ಜಾಳಿನ ನೂಲುಗಳನ್ನು ಒಂದೊಂದಾಗಿ ಎಳೆದು ತೆಗೆಯುವುದು. ಈ ಉಪಾಯದಿಂದ ಚಿತ್ತಾರ ಉಳಿಯಿತು. ಆದರೆ ಬಟ್ಟೆಗೂ ಹೊಲಿಗೆಗೂ ಇದ್ದ ಸಂಬಂಧ ಕಡಿಯಿತು. ಹಳೆಯ ಕೆಲಸದಲ್ಲಿ ಸೂಜಿಯು ನೂಲುನೂಲುಗಳ ನಡುವಿನ ಸಂದಿಯಲ್ಲಿ ಇಳಿಯುತ್ತಿದ್ದಿತು. ಹೊಸದರಲ್ಲಿ ಅದು ನೂಲನ್ನೇ ಚುಚ್ಚಿ ಹಾಯುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಈ ಭೇದವು ತಿಳಿದುಬರುವುದು. ಸೀರೆಯೊಂದರ ಕೆಲಸ ಯಾವ ಪದ್ಧತಿಯದೆಂದು ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯ ದುರ್ಲಭ.

ಇದರೊಡನೆ ಯೂರೋಪಿನ ಮಾದರಿಯ ಸಾಮಗ್ರಿಯೂ ಬಂದಿತು. ಫ್ರಾನ್ಸಿನ ಮ್ಯೂಲೂಜ್ ನಗರದಲ್ಲಿ 1746ರಲ್ಲಿ ಮೂಲ ಪಡೆದ ಡಿ.ಎಂ.ಸಿ. ಸಂಸ್ಥೆಯ ದಾರಗಳೂ, 1886ರಲ್ಲಿ ಪ್ರಕಟವಾದ ತೆರೆಸಾ ದ ದಿಲ್ಮೋಳ ಸೂಜಿಗೆಲಸದ ಕೋಶವೂ ಎಣಿಕೆಯ ಹೊಲಿಗೆಯನ್ನು ದೇಶದೇಶಗಳಿಗೆ ಮುಟ್ಟಿಸಿದುವು. ಪುಣೆಯಲ್ಲಿ ರಮಾಬಾಯಿ ರಾನಡೆಯವರ ನೇತೃತ್ವದಲ್ಲಿ 1909ರಲ್ಲಿ ನೆಲೆಗೊಂಡ ಸೇವಾಸದನದಂತಹ ಸಂಸ್ಥೆಗಳು ಹೊಲಿಗೆ ಮೊದಲಾದ ಕೈಗೆಲಸಗಳನ್ನು ಸ್ತ್ರೀಶಿಕ್ಷಣದ ಅಂಗವಾಗಿಸಿದುವು. ತಾಯಿ ಮಗಳಿಗೆ ಕಲಿಸುತ್ತಿದ್ದ ಕೆಲಸವು ಶಾಲೆಯ ಪಾಠವೂ ಆಯಿತು.

ಇಂದು ಕಲಿಯುವವರ ಕೈಗೆ ಮೊದಲು ಬರುವುದು ಚೌಕಚೌಕವಾಗಿ ನೆಯ್ದ ಆಯ್ಡಾ ಬಟ್ಟೆ, ಇಲ್ಲವೆ ಮ್ಯಾಟಿ ಬಟ್ಟೆ. ಆಯ್ಡಾದಲ್ಲಿ 14ರ ಎಣಿಕೆಯೆಂದರೆ ಅಂಗುಲಕ್ಕೆ 14 ಚೌಕ. 70 ಹೊಲಿಗೆಯ ಗೋಪುರ ಅಲ್ಲಿ 5 ಅಂಗುಲವಾಗುತ್ತದೆ. ಅಂಗುಲಕ್ಕೆ 28 ನೂಲಿನ ಸಮನೆಯ್ಗೆಯ ಬಟ್ಟೆಯಲ್ಲಿ ಎರಡೆರಡು ನೂಲು ಹಿಡಿದು ಹೊಲಿದರೂ ಗಾತ್ರ ಅದೇ; ಒಂದೊಂದೇ ಹಿಡಿದರೆ ಎರಡೂವರೆ ಅಂಗುಲ. ಲಡಿಯ ದಾರವು ಆರು ಎಳೆಗಳದು. 11ರ ಎಣಿಕೆಗೆ ಮೂರು, 14ಕ್ಕೆ ಎರಡು, 18ಕ್ಕೆ ಒಂದು ಅಥವಾ ಎರಡು ಎಳೆ ಎಂಬುದು ಮೆಂತಿಗೆ ಸಾಮಾನ್ಯ ಲೆಕ್ಕ. ದಾರ ದಪ್ಪವಾದರೆ ಬಟ್ಟೆಯ ಕಣ್ಣು ಹಿಗ್ಗಿ ಗೆರೆ ಡೊಂಕಾಗುತ್ತದೆ. ತೆಳುವಾದರೆ ಮೆಂತಿಯ ನಡುವೆ ಬಟ್ಟೆ ಇಣುಕುತ್ತದೆ. ಗವಂತಿಗೆ ಮೆಂತಿಗಿಂತ ತೆಳುವಾದ ದಾರ ಸಾಕು, ಏಕೆಂದರೆ ಅಲ್ಲಿ ಬೇಕಾದುದು ಗೆರೆಯೇ ಹೊರತು ತುಂಬುಗೆಯಲ್ಲ. ಸೂಜಿಯ ಮೊನೆ ಮೊಂಡಾಗಿದ್ದರೆ ಅದು ನೂಲನ್ನು ಸೀಳದೆ ಸಂದಿಯನ್ನೇ ಹುಡುಕುತ್ತದೆ.

ಚೌಕದ ಬಟ್ಟೆಯು ಮೆಂತಿಗೆ ಅನುಕೂಲವಾದುದು. ನೇಯ್ಗಿಗೆ ಅಷ್ಟು ಅನುಕೂಲವಲ್ಲ. ನೇಯ್ಗಿಯ ಸೊಬಗು ಒಂದೊಂದೇ ನೂಲನ್ನು ಏರಿಸಿ ಇಳಿಸುವುದರಲ್ಲಿದೆ. ಹಲವು ನೂಲುಗಳ ಕಟ್ಟೇ ಒಂದು ಚೌಕವಾದಾಗ ಆ ಸೂಕ್ಷ್ಮತೆ ಉಳಿಯುವುದಿಲ್ಲ. ಈ ಕಾರಣದಿಂದಲೇ ತೇರು, ಆನೆಗಳೆಲ್ಲವನ್ನೂ ಮೆಂತಿಯಲ್ಲಿಯೇ ತುಂಬಿ ಕಸೂತಿಯೆಂದು ಕರೆಯುವ ರೂಢಿಗೆ ಎಡೆಯಾಗುತ್ತದೆ. ನಾಲ್ಕು ಹೊಲಿಗೆಗಳ ಕಲೆ ಒಂದಕ್ಕೆ ಇಳಿಯುವುದು ಹೀಗೆ.

ಕಸೂತಿಗೂ ಇಳಕಲ್ ಸೀರೆಗೂ ಇಂದು ಭೌಗೋಳಿಕ ಸೂಚಿಯ ಮನ್ನಣೆಯಿದೆ. ಆ ಮನ್ನಣೆಯು ಹೆಸರನ್ನು ಕಾಯಬಲ್ಲದು, ಎಣಿಕೆಯನ್ನು ಕಾಯಲಾರದು. ಅದನ್ನು ಕಾಯುವವರು ಅಂಗುಲದ ನೂಲುಗಳನ್ನು ಎರಡು ಕಡೆಗೂ ಎಣಿಸಿ ಬಟ್ಟೆಯನ್ನು ಆರಿಸುವವರು, ಆ ಬಟ್ಟೆಗೊಪ್ಪುವ ದಾರವನ್ನು ಹಿಡಿಯುವವರು. ಪುಣೆಯ ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಸೀರೆ ಅವರಿಗೆ ಗ್ರಂಥಕ್ಕೆ ಸಮಾನವಾದುದು. ಅದನ್ನು ಓದಬೇಕಾದರೆ ಸೆರಗನ್ನು ಒಮ್ಮೆ ಮಗುಚಿ ನೋಡಬೇಕು.